ಕೊನೆಯವರೆಗೂ ಕೇಳಿದವರು

ಎಲ್ಲ ರಗಳೆಗೂ ಮೂಲ ಒಬ್ಬ ರಾಜ. ಅವನಿಗೆ ಮುಂದೇನಾಯಿತು ಎಂದು ಒಬ್ಬರೂ ಕೇಳಿರಲಿಲ್ಲ, ಅಷ್ಟೇ.

ಆ ರಾಜನ ಕತೆ ಹೇಳುತ್ತಿದ್ದವರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಮತ್ತಿನ ಡಾಕ್ಟರು ಎನ್ನುತ್ತಿದ್ದರು. ಆಪರೇಷನ್ನಿಗೆ ಮಲಗಿದವರ ತಲೆಯ ಬಳಿ ನಿಂತು, ಮದ್ದು ಮೈಗೆ ಇಳಿಯುವಷ್ಟು ಹೊತ್ತು ಹೆದರಿಕೆ ಮರೆಸಲು ಕತೆ ಹೇಳುವುದು ಅವರ ಪದ್ಧತಿ. ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಎಂದು ಶುರುಮಾಡುತ್ತಿದ್ದರು. ರಾಜ ಹಾಸಿಗೆಯಿಂದ ಏಳುವಷ್ಟರಲ್ಲಿ ಕೇಳುವವರಿಗೆ ನಿದ್ದೆ. ಎಚ್ಚರವಾದ ಮೇಲೆ ಅವರೆಲ್ಲ ಸರ್ಜನ್ನರ ಕೈ ಹಿಡಿದು ಕಣ್ಣೀರು ಹಾಕುತ್ತಿದ್ದರು, ಹಣ್ಣಿನ ಬುಟ್ಟಿ ತಂದುಕೊಡುತ್ತಿದ್ದರು. ಮತ್ತಿನ ಡಾಕ್ಟರು ಲಿಫ್ಟಿನಲ್ಲಿ ಎದುರಾದರೆ, ‘ಸ್ವಲ್ಪ ಮೂರನೇ ಮಹಡಿ ಒತ್ತಿ’ ಎನ್ನುತ್ತಿದ್ದರು.

ತಾನು ಹೇಳುವ ಕತೆಯನ್ನು ಒಬ್ಬರಾದರೂ ಕೊನೆಯವರೆಗೂ ಕೇಳಬೇಕು. ಈ ಸಣ್ಣ ಆಸೆ ಹಲ್ಲುನೋವಿನಂತೆ ಬೆಳೆದು, ಒಂದು ದಿನ ಡಾಕ್ಟರು ರಾಜೀನಾಮೆ ಕೊಟ್ಟೇಬಿಟ್ಟರು. ಕಿವಿಯಲ್ಲಿ ಕೇಳುವ ಪುಸ್ತಕಗಳು ಈಗ ಬಂದಿವೆಯಲ್ಲ, ಅವಕ್ಕೆ ಕಾದಂಬರಿಗಳನ್ನು ಓದಿ ಕೊಡುವ ಸ್ವತಂತ್ರ ಕಲಾವಿದನಾಗುತ್ತೇನೆ ಎಂದರು.

ಮಾವನವರಿಗೆ ಎದೆ ಒಡೆದಂತಾಯಿತು. ಅವರು ಎಲ್ಲಿ ಹೋದರೂ ತಮ್ಮ ಹೆಸರಿಗಿಂತ ಮೊದಲು ‘ನಮ್ಮಳಿಯ ಡಾಕ್ಟರು’ ಎಂದು ಹೇಳಿಕೊಂಡು ಬಂದವರು.

“ಓದಿ ಓದಿ ಡಾಕ್ಟರಾದಿರಿ, ಸರಿ. ಈಗ ಅದನ್ನ ಬಿಟ್ಟು ಮತ್ತೆ ಓದೋಕೆ ಹೋಗ್ತೀನಿ ಅಂದ್ರೆ, ಫೇಲಾಗಿದ್ದಾರೆ ಅಂದ್ಕೋತಾರೆ ಜನ” ಎಂದರು.

ಕೊನೆಗೆ ಹೆಂಡತಿಯೇ ರಾಜಿ ಮಾಡಿಸಿದಳು. ಶುಕ್ರವಾರ ಒಂದು ಸ್ಟುಡಿಯೋದಲ್ಲಿ ಧ್ವನಿ ಪರೀಕ್ಷೆಯಿತ್ತು. ಪಾಸಾದರೆ ಜೀವಮಾನವಿಡೀ ಓದಿಕೊಂಡಿರಲಿ, ಇಲ್ಲದಿದ್ದರೆ ಸೋಮವಾರ ಆಸ್ಪತ್ರೆ. ಅಲ್ಲಿ ಅವರ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿರಲಿಲ್ಲ. ಅಳಿಯನ ಹುಚ್ಚು ಇಳಿಯುವವರೆಗೆ ಕಾಯಿರೆಂದು ಮಾವನವರೇ ಹೋಗಿ ಹೇಳಿ ಬಂದಿದ್ದರು.

ಶುಕ್ರವಾರ ಬೆಳಿಗ್ಗೆ ಡಾಕ್ಟರು ಅಭ್ಯಾಸಕ್ಕೆಂದು ಬಟ್ಟೆಯ ಬೀರುವಿನೊಳಗೆ ಹೊಕ್ಕು ಕುಳಿತರು. ನೇತುಹಾಕಿದ ಬಟ್ಟೆಗಳ ನಡುವೆ ದನಿ ಮಾರ್ದನಿಸುವುದಿಲ್ಲವೆಂದು ಯಾರೋ ಹೇಳಿಕೊಟ್ಟಿದ್ದರು. ಓದಬೇಕಾದದ್ದು ಕೊಲೆಯ ಕತೆ. ಮಂಜು ಮುಸುಕಿದ ತೋಟದ ನಡುವಿನ ಬಂಗಲೆ, ಕೋಣೆಯಲ್ಲಿ ಒಬ್ಬಂಟಿ ಶ್ರೀಮಂತ, ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಕೊಂದವನು ಯಾರೆಂಬುದು ಅಧ್ಯಾಯದ ಕೊನೆಯ ಸಾಲಿನಲ್ಲಿ. ಕೋಟುಗಳ ತೋಳುಗಳು ಹೆಗಲ ಮೇಲೆ ಸ್ನೇಹಿತರಂತೆ ಬಿದ್ದಿದ್ದವು. ನುಸಿಗುಳಿಗೆಯ ವಾಸನೆಯಲ್ಲಿ ಅವರ ದನಿ ಹತ್ತಿಯಂತೆ ಬಿಡಿಸಿಕೊಂಡು ಕೋಣೆಯ ತುಂಬ ತೇಲಿತು.

ಮಂಚದ ಮೇಲೆ ಮಾವನವರು ನ್ಯಾಯಾಧೀಶರ ಹಾಗೆ ಕುಳಿತಿದ್ದರು, ಪಕ್ಕದಲ್ಲಿ ಹೆಂಡತಿ. ಡಾಕ್ಟರು ಕೆಲಸ ಕಳೆದುಕೊಂಡು ಬೀರುವಿನಲ್ಲಿ ವಾಸವಾಗಿದ್ದಾರೆಂಬ ಸುದ್ದಿ ಕೇಳಿ ಸಮಾಧಾನ ಹೇಳಲು ಎದುರುಮನೆ ಆಂಟಿಯೂ ಬಂದರು. ಬಂದವರು, ಎರಡು ನಿಮಿಷ ಕೇಳುತ್ತೇನೆಂದು ಕುರ್ಚಿ ಎಳೆದುಕೊಂಡರು.

ಕೊಲೆಗಾರ ಚಾಕು ಎತ್ತುವ ಹೊತ್ತಿಗೆ ಸುಟ್ಟ ವಾಸನೆ ಬಂತು. ಡಾಕ್ಟರು ಬೀರುವಿನಿಂದ ತಲೆ ಹೊರಹಾಕಿದರೆ, ಮಾವನವರ ಗದ್ದ ಎದೆಗೆ ಅಂಟಿತ್ತು. ಆಂಟಿ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಅವರು ಒಲೆಯ ಮೇಲಿಟ್ಟು ಬಂದಿದ್ದ ಹಾಲು ಇದ್ದಿಲಾಗಿತ್ತು. ಹೆಂಡತಿ ಎದುರುಮನೆಗೆ ಓಡಿಹೋಗಿ ಒಲೆ ಆರಿಸಿ ಬಂದಳು. ಆಂಟಿ ಎದ್ದು ಬೈಯುತ್ತಾರೆಂದುಕೊಂಡರೆ, ಪಾತ್ರೆ ಹೋದರೆ ಹೋಗಲಿ, ಇಂಥ ನಿದ್ದೆ ಬಂದು ಎಷ್ಟೋ ವರ್ಷವಾಗಿತ್ತು, ಮಧ್ಯಾಹ್ನವೂ ಓದುತ್ತೀರಾ ಎಂದು ವಿಚಾರಿಸಿಕೊಂಡು ಹೋದರು.

“ನೀನಾದ್ರೂ ಕೇಳ್ದೆ ತಾನೆ?” ಎಂದು ಡಾಕ್ಟರು ಹೆಂಡತಿಯನ್ನು ಕೇಳಿದರು.

“ಕೇಳ್ದೆ ರೀ. ಯಾರೋ ಗೇಟು ತೆಗೆದ್ರು...” ಎಂದು ಅವಳು ಯೋಚಿಸಿ, “ಆಮೇಲೆ ವಾಸನೆ ಬಂತು” ಎಂದಳು.

ಗೇಟಿಗೂ ವಾಸನೆಗೂ ನಡುವೆ ಹನ್ನೊಂದು ಪುಟಗಳಿದ್ದವು.

ಸ್ಟುಡಿಯೋಗೆ ಮಾವನವರೂ ಜೊತೆಗೆ ಹೊರಟರು. ಅಳಿಯ ಫೇಲಾಗುವುದನ್ನು ಕಣ್ಣಾರೆ ನೋಡಬೇಕಿತ್ತು. ಟ್ಯಾಕ್ಸಿಯಲ್ಲಿ ಡಾಕ್ಟರು ಮೆಲ್ಲಗೆ ಮತ್ತೊಮ್ಮೆ ಓದಿಕೊಂಡರು. ಮೊದಲ ಪುಟದಲ್ಲಿ ಟ್ಯಾಕ್ಸಿ ನೆಟ್ಟಗೆ ಓಡುತ್ತಿತ್ತು. ಎರಡನೆಯದರಲ್ಲಿ ಅಂಬಿಗನಿಲ್ಲದ ದೋಣಿಯಂತೆ ತೇಲತೊಡಗಿತು. ಮೂರನೆಯದರಲ್ಲಿ ರಸ್ತೆ ಬದಿಯ ಮರದ ನೆರಳಿಗೆ ಹೋಗಿ ತಾನಾಗಿ ನಿಂತಿತು. ಚಾಲಕ ಹಿಂದಕ್ಕೆ ತಿರುಗಿ ಕೈ ಮುಗಿದ.

“ಸಾರ್, ನಿಮ್ಮ ದಮ್ಮಯ್ಯ. ನೀವು ಬಾಯಿ ಮುಚ್ಕೊಂಡಿದ್ರೆ ನಾನೂ ಸಂಜೆ ಮನೆ ಸೇರ್ತೀನಿ.”

ಮಾವನವರಿಗೆ ಇದು ಕೇಳಿಸಲಿಲ್ಲ. ಅವರು ಒಂದನೇ ಪುಟದಲ್ಲೇ ನಿದ್ದೆ ಹೋಗಿದ್ದರು.

ಸ್ಟುಡಿಯೋದಲ್ಲಿ ನೀರಿನಡಿಯ ನಿಶ್ಶಬ್ದ. ಗೋಡೆಗೆಲ್ಲ ಸ್ಪಂಜು, ಮಬ್ಬು ದೀಪ, ನಡುವೆ ದಪ್ಪ ಗಾಜು. ಗಾಜಿನಾಚೆ ರೆಕಾರ್ಡಿಂಗ್ ಮಾಡುವ ಗಡ್ಡದವನು, ಅವನ ಪಕ್ಕ ಮಾವನವರು, ಹಿಂದೆ ಸ್ಟುಡಿಯೋದ ಒಡತಿ. ಡಾಕ್ಟರು ನಮಸ್ಕಾರ ಎಂದಾಗ ಒಡತಿ ಬೆಚ್ಚಿದಂತಾಗಿ, ಎರಡೂ ಮುಷ್ಟಿ ಬಿಗಿಹಿಡಿದು ಕುಳಿತರು.

ಡಾಕ್ಟರು ಓದತೊಡಗಿದರು. ಅವರ ದನಿ ಕಿವಿಯಲ್ಲಿಟ್ಟ ಹೆಡ್‌ಫೋನಿನಲ್ಲಿ ಹೊಳೆಯ ಆಚೆ ದಡದಿಂದ ಯಾರೋ ಕರೆದಂತೆ ಅವರಿಗೇ ಮರಳಿ ಕೇಳುತ್ತಿತ್ತು. ಮಂಜಿನಲ್ಲಿ ಗೇಟು ತೆರೆಯಿತು. ಗಡ್ಡದವನ ಗಡ್ಡ ಗುಂಡಿಗಳ ಮೇಲೆ ಇಳಿಯಿತು. ಹೆಜ್ಜೆ ಮೆಟ್ಟಿಲೇರಿತು. ಮಾವನವರು ಕುರ್ಚಿಯಿಂದ ಅರ್ಧ ಜಾರಿದರು. ಡಾಕ್ಟರು ತಲೆಯೆತ್ತಿ ಅವರ ಹಿಂದಕ್ಕೆ ನೋಡಿದರು.

ಒಡತಿ ಎಚ್ಚರವಾಗಿದ್ದರು!

ಎಚ್ಚರವೆಂದರೆ ಎಂಥ ಎಚ್ಚರ. ಬೆನ್ನು ಕಂಬದಂತೆ ನೆಟ್ಟಗೆ, ಕಣ್ಣು ಬಟ್ಟಲಿನಷ್ಟು ಅಗಲ, ಹಣೆಯ ಮೇಲೆ ಬೆವರು. ಕೊಲೆಗಾರ ಬಾಗಿಲು ದೂಡಿದಾಗ ಅವರ ತುಟಿ ನಡುಗಿತು. ಚಾಕು ಎತ್ತಿದಾಗ ಕಣ್ಣಲ್ಲಿ ನೀರು. ಇಷ್ಟು ವರ್ಷ ಮುಚ್ಚಿಕೊಳ್ಳುವ ಕಣ್ಣುಗಳನ್ನೇ ನೋಡಿದ್ದ ಡಾಕ್ಟರಿಗೆ ಮೈ ಹಗುರಾಯಿತು. ಆ ಒಂದು ಜೊತೆ ಕಣ್ಣಿಗೆ ಪಿಸುಗುಟ್ಟಿ, ಏರಿ, ಇಳಿದು, ಕೊನೆಯ ಸಾಲಿಗೆ ಬಂದು, ಕೊಂದವನ ಹೆಸರು ಹೇಳಿ ಪುಸ್ತಕ ಮುಚ್ಚಿದರು.

ಹೊರಗೆ ಬಂದಾಗ ಅವರ ಕಾಲು ನೆಲದ ಮೇಲಿರಲಿಲ್ಲ. ಗಡ್ಡದವನು ಕಣ್ಣುಜ್ಜಿಕೊಂಡು, ಗುಂಡಿ ಒತ್ತುವ ಮೊದಲೇ ಜೋಂಪು ಹತ್ತಿತು, ಒಂದಕ್ಷರವೂ ರೆಕಾರ್ಡ್ ಆಗಿಲ್ಲ ಎಂದು ತಪ್ಪೊಪ್ಪಿಕೊಂಡ. ಡಾಕ್ಟರು ದೊಡ್ಡ ಮನಸ್ಸಿನಿಂದ ಅವನ ಬೆನ್ನು ತಟ್ಟಿ ಒಡತಿಯ ಮುಂದೆ ನಿಂತರು.

“ಮೇಡಂ, ಕೊನೇವರೆಗೂ ಕೇಳಿದ್ರಿ ನೀವು.”

“ಎದ್ದಿದ್ದೆ” ಎಂದರು ಒಡತಿ, ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದು.

“ಕೊಲೆ ಮಾಡಿದ್ದು ಅವನೇ ಅಂತ ಅನುಮಾನ ಬಂದಿತ್ತಾ?”

“ಕೊಲೆ ಬೇರೆ ಆಯ್ತಾ?”

ಒಡತಿ ತಮ್ಮ ಅಂಗೈಗಳನ್ನು ತೆರೆದು ತೋರಿಸಿದರು. ಉಗುರಿನ ಗುರುತುಗಳು ಕೆಂಪಗೆ ಮೂಡಿದ್ದವು.

“ನಮಸ್ಕಾರ ಅಂದ ತಕ್ಷಣ ಗೊತ್ತಾಯ್ತು ಡಾಕ್ಟ್ರೇ. ಹೋದ ವರ್ಷ ಇದೇ ದನಿ ಕೇಳ್ತಾ ಕಣ್ಣು ಮುಚ್ಚಿದ್ದೆ. ಬಿಟ್ಟು ನೋಡಿದ್ರೆ ಪಿತ್ತಕೋಶ ಇರ್ಲಿಲ್ಲ. ಈಗ ಮೈಯಲ್ಲಿ ಉಳಿದಿರೋದೆಲ್ಲ ನನಗೆ ಬೇಕಾದದ್ದೇ.”

ದನಿ ತುಂಬ ಚೆನ್ನಾಗಿದೆ ಎಂದೂ ಅವರು ಹೇಳಿದರು. ಆದರೆ ತಮ್ಮ ಪುಸ್ತಕಗಳನ್ನು ಜನ ಹೆಚ್ಚಾಗಿ ಕಾರು ಓಡಿಸುತ್ತ ಕೇಳುವುದರಿಂದ, ಆ ಪಾಪ ತಮಗೆ ಬೇಡವೆಂದು ಕೈ ಮುಗಿದರು. ಅಷ್ಟರಲ್ಲಿ ಎಚ್ಚರಗೊಂಡ ಮಾವನವರು ಮೈಮುರಿದು, ಹತ್ತು ವರ್ಷ ಚಿಕ್ಕವರಾದಂತಿದೆ, ಮನೆಗೆ ಹೊರಡೋಣವೇ ಎಂದರು.

ಸೋಮವಾರ ಬೆಳಿಗ್ಗೆ ಮತ್ತಿನ ಡಾಕ್ಟರು ಮತ್ತೆ ಆಪರೇಷನ್ ಮೇಜಿನ ತಲೆದೆಸೆಯಲ್ಲಿ ನಿಂತಿದ್ದರು. ದೊಡ್ಡ ದೀಪ ಚಂದ್ರನಂತೆ ತೂಗುತ್ತಿತ್ತು. ಮಲಗಿದ್ದ ಅಜ್ಜ ನಡುಗುತ್ತಿದ್ದರು. ಈ ಸಲ ಡಾಕ್ಟರು ಕತೆಯನ್ನು ಕೊನೆಯ ಸಾಲಿನಿಂದಲೇ ಶುರುಮಾಡಿದರು.

“ಕೊಂದಿದ್ದು ತೋಟದ ಮಾಲಿ, ಅಜ್ಜಾ.”

ಮುಚ್ಚಿಕೊಳ್ಳುತ್ತಿದ್ದ ಅಜ್ಜನ ಕಣ್ಣು ಅರ್ಧ ತೆರೆಯಿತು.

“ಯಾರನ್ನ?” ಎಂದರು.

ಡಾಕ್ಟರು ಆಸೆಯಿಂದ ಬಗ್ಗಿ ಬಾಯಿ ತೆರೆಯುವಷ್ಟರಲ್ಲಿ ಅಜ್ಜನಿಗೆ ನಿದ್ದೆ ಬಂದಿತ್ತು.