ಹುಲಿಯೂರುದುರ್ಗದ ಕಾರಿಗೆ ಕಿಕ್‌ಡೌನ್ ಕೇಬಲ್

ನಮ್ಮ ಗ್ಯಾರೇಜಿನ ಮೆಕ್ಯಾನಿಕ್ ಭಾಯ್ ಯಾವ ಕಾರಿನ ಬಾನೆಟ್ ಎತ್ತುವ ಮೊದಲೂ ಅದನ್ನು ಮೆಲ್ಲಗೆ ತಟ್ಟುತ್ತಾರೆ, ಒದೆಯುವ ಹಸುವಿನ ಹತ್ತಿರ ಹೋಗುವವರ ಹಾಗೆ. ಸತ್ಯಮಂಗಲದ ಈ ಗ್ಯಾರೇಜಿನಲ್ಲಿ ನಾನು ಬಿಲ್ ಮಾಡುವವಳು. ಮಾತು ಕಮ್ಮಿ. ಅದಕ್ಕೇ ಏನೋ, ನಗು ಬರುವಂಥದ್ದೆಲ್ಲ ನನ್ನೆದುರಿಗೇ ನಡೆಯುತ್ತದೆ.

೧. ಕಾಯಿಲೆ

ಹುಲಿಯೂರುದುರ್ಗದ ರಿಟೈರ್ಡ್ ಮೇಷ್ಟ್ರೊಬ್ಬರು ಹೆಂಡತಿ ಸಮೇತ ಹಳೇ ಆಟೊಮ್ಯಾಟಿಕ್ ಕಾರು ತಂದರು. ಏರು ಬಂದರೆ ಗಾಡಿ ಹತ್ತುವುದಿಲ್ಲವಂತೆ. ಮೊನ್ನೆ ತೆಂಗಿನಕಾಯಿ ಹೇರಿದ ಗೂಡ್ಸ್ ಆಟೊ ಇವರನ್ನು ಹಿಂದೆ ಹಾಕಿತಂತೆ. ಆಟೊದವನು ಕೈ ಬೇರೆ ಬೀಸಿದನಂತೆ.

"ಇವತ್ತು ಸರಿಹೋಗ್ಲಿಲ್ಲ ಅಂದ್ರೆ ಮಾರ್ಬಿಡೋದೇ," ಅಂದರು ಆಂಟಿ. ಮೇಷ್ಟ್ರ ಮುಖ, ಮಗುವನ್ನು ಹಾಸ್ಟೆಲ್ಲಿಗೆ ಬಿಡಲು ಬಂದವರ ಹಾಗಾಯಿತು.

೨. ಕೇಬಲ್

ಆಕ್ಸಿಲರೇಟರ್ ಪೂರ್ತಿ ತುಳಿದಾಗ ಗೇರ್ ತಾನಾಗಿ ಇಳಿದು ಎಳೆತ ಬರಬೇಕು. ಆ ಸುದ್ದಿಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ಕಿಕ್‌ಡೌನ್ ಕೇಬಲ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಗುಬ್ಬಿಯ ಅಂಗಡಿಯವರು ಹೊಸದನ್ನು ಬಸ್ ಕಂಡಕ್ಟರ್ ಕೈಲಿ ಕಳಿಸಿದರು. ನಮಗೆ ಸಿಕ್ಕ ಪೊಟ್ಟಣ ಬಿಚ್ಚಿದರೆ ಮಲ್ಲಿಗೆ ಹೂವು. ಸ್ವಲ್ಪ ಹೊತ್ತಿಗೆ ಹೂವಿನಂಗಡಿಯಾಕೆ ಕೇಬಲ್ ಹಿಡಿದುಕೊಂಡು ಬಂದರು.

"ಇದನ್ನ ಯಾವ ದೇವ್ರಿಗೆ ಮುಡಿಸ್ಲಪ್ಪ?"

೩. ಟ್ರಯಲ್

ಕೇಬಲ್ ಹಾಕಿದ ಮೇಲೆ ಟ್ರಯಲ್. ಆಂಟಿಗೆ ಜೊತೆಯಿರಲಿ ಅಂತ ನನ್ನನ್ನೂ ಹತ್ತಿಸಿದರು. ಫ್ಲೈಓವರ್ ಏರಿನಲ್ಲಿ ಭಾಯ್, "ಪೂರ್ತಿ ತುಳೀರಿ ಸಾರ್," ಅಂದರು.

"ತುಳ್ದಿದೀನಿ ಕಣ್ರೀ."

ಕಾರು ತೆವಳಿತು. ವಾಪಸ್ ಬಂದು ಕೇಬಲ್ ಬಿಗಿ ಮಾಡಿ ಮತ್ತೆ ಹೋದೆವು. ಮತ್ತೆ ಅದೇ ತೆವಳಾಟ. ಗ್ಯಾರೇಜಿಗೆ ಬಂದು ಇಳಿದ ಆಂಟಿ, ಕಾರು ಕೊಳ್ಳುವವರು ಯಾರಿದ್ದಾರೆ ಅಂತ ಭಾಯ್ ಹತ್ತಿರವೇ ವಿಚಾರಿಸತೊಡಗಿದರು. ತೆರೆದ ಬಾಗಿಲಿನಿಂದ ನನಗೆ ಆಕ್ಸಿಲರೇಟರ್ ಪೂರ್ತಿ ಇಳಿಯದ ಹಾಗೆ ಅದರ ಕೆಳಗೆ ಮಡಿಸಿಟ್ಟ ನಾರಿನ ಮ್ಯಾಟ್ ಕಾಣುತ್ತಿತ್ತು. ಬಗ್ಗಿ ಅದನ್ನು ಎಳೆದೇಬಿಟ್ಟೆ.

ಇದನ್ನು ಯಾರು ಇಟ್ಟರೆಂದು ಮೇಷ್ಟ್ರು ಕಣ್ಣರಳಿಸಿದರು. ಆಂಟಿ ಸೆರಗು ಸರಿಮಾಡಿಕೊಂಡರು.

"ನಾನೇ. ನೀವು ಜೋರಾಗಿ ಓಡಿಸ್ತೀರಲ್ಲ, ಅದಕ್ಕೆ."

ಈ ಸಲ ಏರಿನಲ್ಲಿ ಕಾರು ಗೇರ್ ಇಳಿಸಿ, ಗುರ್ ಅಂದು ನುಗ್ಗಿತು. ಯಾವುದೋ ಗೂಡ್ಸ್ ಆಟೊವನ್ನು ಹಿಂದೆ ಹಾಕಿ ಮೇಷ್ಟ್ರು ಕೈ ಬೇರೆ ಬೀಸಿದರು. ಆಂಟಿ ಚಪ್ಪಾಳೆ ತಟ್ಟಿ ನಕ್ಕರು. ಮಾರುವ ಮಾತು ಅಲ್ಲಿಗೇ ಮುಗಿಯಿತು.

ವಾಪಸ್ ಬಂದ ಮೇಲೆ ಮೇಷ್ಟ್ರು ಭಾಯ್ ಥರವೇ ಬಾನೆಟ್ ತಟ್ಟುತ್ತಾ ನಿಂತಿದ್ದರು. ಆಂಟಿ ಆ ಮ್ಯಾಟನ್ನು ಮೆಲ್ಲಗೆ ನನ್ನ ಕೈಗಿಟ್ಟು ಪಿಸುಗುಟ್ಟಿದರು:

"ಪುಟ್ಟಾ, ಅವ್ರು ಈ ಕಡೆ ತಿರುಗೋದ್ರೊಳಗೆ ಇದನ್ನ ಅಲ್ಲೇ ಮಡಿಸಿ ಇಟ್ಬಿಡ್ತೀಯಾ?"