ಮುಷ್ಟಿಯಲ್ಲಿ ಹಿಡಿದರೆ ಮೂವತ್ತೆಂಟು ಪುಟ

ಲೋಕದಲ್ಲಿ ಯಾರು ಬೇಕಾದರೂ ಮೋಸ ಹೋಗಲಿ, ನಾನು ಮಾತ್ರ ಹೋಗುವವನಲ್ಲ! ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ಇಪ್ಪತ್ತೆರಡು ವರ್ಷ. ಇಷ್ಟು ದಿನಗಳಲ್ಲಿ ಒಂದೇ ಒಂದು ತಕ್ಕಡಿಗೂ ನನ್ನ ಕಣ್ಣಿಗೆ ಮಣ್ಣೆರಚಲು ಆಗಿಲ್ಲ. ಬೀದಿಯ ಆ ತುದಿಯಲ್ಲಿ ನಾನು ಕಾಣಿಸಿಕೊಂಡರೆ ಈ ತುದಿಯ ತಕ್ಕಡಿಗಳು ತಾವಾಗಿಯೇ ಸರಿಹೋಗುತ್ತವೆ. ಇಂಥ ನಾನು ಕಳೆದ ಭಾನುವಾರ ಬೆಳಿಗ್ಗೆ ಒಂದು ಮಹಾಸಂಕಲ್ಪ ಮಾಡಿದೆ. ಮಾವನನ್ನು ಮಾತ್ರೆಯ ದಾಸ್ಯದಿಂದ ಬಿಡುಗಡೆ ಮಾಡಲೇಬೇಕು!

ಮಾವ ಅಂದರೆ ಹೆಂಡತಿಯ ಅಪ್ಪ. ವಯಸ್ಸು ಎಪ್ಪತ್ತಮೂರು, ನಮ್ಮ ಜೊತೆಯಲ್ಲೇ ಇದ್ದಾರೆ. ಹನ್ನೊಂದು ವರ್ಷದ ಹಿಂದೆ ತಲೆ ಸುತ್ತಿ ಮೆಟ್ಟಿಲ ಮೇಲೆ ಬಿದ್ದಾಗಿನಿಂದ ದಿನಾ ತಿಂಡಿಯಾದ ಮೇಲೆ ರಕ್ತದೊತ್ತಡಕ್ಕೆ ಒಂದು ಬಿಳಿ ಮಾತ್ರೆ. ಒಂದು ದಿನವೂ ತಪ್ಪಿಲ್ಲ, ಏಕೆಂದರೆ ಕೊಡುವವಳು ನನ್ನ ಹೆಂಡತಿ.

ಬಿಡುಗಡೆಗೆ ನನಗೆ ಸಿಕ್ಕ ಆಯುಧ ಒಂದು ಯಂತ್ರ. ಪಕ್ಕದ ಬೀದಿಯಲ್ಲಿ ‘ಸೂಜಿಯಿಲ್ಲ, ರಕ್ತವಿಲ್ಲ’ ಎಂದು ಬೋರ್ಡ್ ಹಾಕಿಕೊಂಡಿದ್ದ ಬಿಳಿ ಕೋಟಿನವನದು. ಹಿತ್ತಾಳೆ ಕೋಲನ್ನು ಒಂದು ನಿಮಿಷ ಮುಷ್ಟಿಯಲ್ಲಿ ಹಿಡಿದರೆ ಸಾಕು, ತಂತಿಯ ಆಚೆ ಲ್ಯಾಪ್‌ಟಾಪಿನಲ್ಲಿ ನೆತ್ತಿಯಿಂದ ಅಂಗಾಲಿನವರೆಗಿನ ಜಾತಕ! ಮೂವತ್ತೆಂಟು ಪುಟ, ಅದೂ ಬಣ್ಣಬಣ್ಣದಲ್ಲಿ! ನಾನು ಅವನನ್ನು ಮನೆಗೇ ಕರೆತಂದೆ.

"ಅಪ್ಪನ ಮೇಲೆ ನಿಮ್ಮ ಪ್ರಯೋಗ ಬೇಡ ರೀ" ಎಂದಳು ಹೆಂಡತಿ.

"ಯಂತ್ರದ ವಿಷಯ ನಂಗೆ ಬಿಡು. ಯಂತ್ರ ನೋಡಿ ನೋಡಿ ನರೆತ ತಲೆ ಇದು!"

ಮಾವ ತಿಂಡಿ ಮುಗಿಸಿ ಸೋಫಾದಲ್ಲಿ ಕೂತು ಕೋಲು ಹಿಡಿದರು. ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಗುಂಯ್‌ಗುಟ್ಟಿತು. ಬಿಳಿ ಕೋಟಿನವನ ಮುಖ ಅರಳಿತು.

"ಇಪ್ಪತ್ತೈದರ ಹುಡುಗನ ಹೃದಯ ಸಾರ್ ಇದು! ಬಿ.ಪಿ. ಇವರ ಹತ್ರ ಸುಳಿಯೋದೂ ಇಲ್ಲ. ಇನ್ನು ಮಾತ್ರೆ ಯಾಕೆ?"

ನಾನು ತಡಮಾಡಲಿಲ್ಲ. ಮೇಜಿನ ಮೇಲಿದ್ದ ಮಾತ್ರೆಯ ಪಟ್ಟಿಯನ್ನು ಮುಟ್ಟುಗೋಲು ಹಾಕಿಕೊಂಡು ಜೇಬಿಗೆ ಇಳಿಸಿದೆ.

"ಅಳಿಯಂದ್ರೆ, ಮೆಟ್ಟಿಲು ಹತ್ತೋವಾಗ ಆ ಇಪ್ಪತ್ತೈದರ ಹುಡುಗ ಎಲ್ಲಿಗೆ ಹೋಗಿರ್ತಾನೆ?" ಎಂದರು ಮಾವ.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ರೀ, ಅಂಗಡೀಲಿ ತಕ್ಕಡಿ ಹೇಗೆ ಪರೀಕ್ಷೆ ಮಾಡ್ತೀರ?"

"ಒಂದೇ ತೂಕದ ಕಲ್ಲನ್ನ ಮೂರು ಸಲ ಇಡೋದು. ಮೂರು ಸಲವೂ ಒಂದೇ ಲೆಕ್ಕ ತೋರಿಸ್ಬೇಕು."

"ಇಲ್ಲೂ ಹಾಗೇ ಮಾಡಿ. ಕಲ್ಲು ಇಲ್ಲೇ ಕೂತಿದೆ" ಎಂದು ಅಪ್ಪನತ್ತ ಕೈ ತೋರಿಸಿದಳು.

ನನ್ನ ವಿದ್ಯೆಗೇ ಸವಾಲು! ಮಾವ ಎರಡನೇ ಸಲ ಕೋಲು ಹಿಡಿದರು. ಬಿಳಿ ಕೋಟಿನವನು ಗಂಟಲು ಸರಿಮಾಡಿಕೊಂಡ. "ಹೃದಯ... ಸ್ವಲ್ಪ ದುರ್ಬಲ ಇದೆ ಸಾರ್. ಕೂಡಲೇ ಚಿಕಿತ್ಸೆ ಬೇಕು."

"ಐದು ನಿಮಿಷದಲ್ಲಿ ಐವತ್ತು ವರ್ಷ ವಯಸ್ಸಾಯ್ತಾ ನಂಗೆ?" ಎಂದರು ಮಾವ.

"ಮನಸ್ಸು ಅಲ್ಲಾಡಿದರೆ ಯಂತ್ರವೂ ಅಲ್ಲಾಡುತ್ತೆ ಯಜಮಾನ್ರೆ. ಶಾಂತವಾಗಿ ಕೂತ್ಕೊಳ್ಳಿ."

ಮೂರನೆಯ ಸಲ. ಬಿಳಿ ಕೋಟಿನವನೂ ನಾನೂ ಸೋಫಾಕ್ಕೆ ಬೆನ್ನು ಹಾಕಿ ತೆರೆಯ ಮೇಲೆ ಬಾಗಿದೆವು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ತುಟಿ ಬಿಗಿಹಿಡಿದು ನಿಂತಿದ್ದಳು. ಸೋಲೊಪ್ಪಿಕೊಂಡಳು ಎಂದುಕೊಂಡೆ!

"ನೋಡಿ ಸಾರ್! ಈಗ ಎಷ್ಟು ಶಾಂತವಾಗಿದಾರೆ! ಹೃದಯ ಅತ್ಯುತ್ತಮ. ರಕ್ತ ಸಂಚಾರ ಭೇಷ್. ಮಂಡಿ ಮಾತ್ರ ಸವೆದಿದೆ. ಆಮೇಲೆ, ಸ್ವಲ್ಪ ಸಿಟ್ಟು ಕಡಿಮೆ ಮಾಡ್ಕೋಬೇಕು."

"ಕೇಳಿಸ್ತಾ?" ನಾನು ಮೇಜು ಗುದ್ದಿದೆ. "ಮೂರರಲ್ಲಿ ಎರಡು ನನ್ನ ಕಡೆ! ಬಹುಮತ! ಮಾತ್ರೆ ಇವತ್ತಿಂದ ಬಂದ್!"

ಆಗ ಬಚ್ಚಲುಮನೆಯ ಬಾಗಿಲು ಕಿರ್ರೆಂದಿತು. ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಮಾವ ಹೊರಗೆ ಬಂದರು.

"ಏನಂತೆ? ಇನ್ನೂ ಶುರುವಾಗಿಲ್ವಾ?"

ನಾನು ತಿರುಗಿ ನೋಡಿದೆ. ಸೋಫಾದ ಮೇಲೆ ಒರಗುದಿಂಬು ಒಂದೇ ಇತ್ತು. ಅದರ ಮಡಿಕೆಯಲ್ಲಿ ಹಿತ್ತಾಳೆ ಕೋಲು ನೆಮ್ಮದಿಯಾಗಿ ಮಲಗಿತ್ತು. ತಕ್ಕಡಿಯ ತಟ್ಟೆಯಲ್ಲಿ ಏನಿದೆ ಎಂದು ನೋಡದೆ ಮುಳ್ಳನ್ನೇ ನೋಡುವವನು ಇನ್ಸ್‌ಪೆಕ್ಟರೇ ಅಲ್ಲ ಎಂದು ಕಿರಿಯರಿಗೆ ಪಾಠ ಹೇಳುವವನು ನಾನು!

"ದಿಂಬಿನ ಮಂಡಿಗೆ ಯಾವ ಎಣ್ಣೆ ಹಚ್ಚೋಣ ರೀ?" ಎಂದಳು ಹೆಂಡತಿ. ನಗುತ್ತಿರಲಿಲ್ಲ. ಅಂಗೈ ಚಾಚಿದಳು. "ಮಾತ್ರೆ."

ಕೊಟ್ಟೆ. ಹನ್ನೊಂದು ವರ್ಷದ ಹಿಂದೆ ಮೆಟ್ಟಿಲ ಮೇಲೆ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಅವಳೇ. ನನಗೆ ನಿಜವಾಗಿ ನಾಚಿಕೆಯಾಯಿತು. ಮಾವ ಮಾತ್ರೆ ನುಂಗಿ ನೀರು ಕುಡಿಯುವಷ್ಟರಲ್ಲಿ ಬಿಳಿ ಕೋಟು, ಯಂತ್ರ, ತಂತಿ ಎಲ್ಲವೂ ಗೇಟು ದಾಟಿಯಾಗಿತ್ತು.

"ಕೆಟ್ಟ ತಕ್ಕಡಿಗೆ ಅಂಟಿಸ್ತೀರಲ್ಲ, ಆ ಕೆಂಪು ಚೀಟಿ ಒಂದು ಕೊಡಿ" ಎಂದಳು ಹೆಂಡತಿ.

"ಯಂತ್ರ ಹೋಯ್ತಲ್ಲೇ!"

"ಇರಲಿ, ಕೊಡಿ."

ಮರುದಿನ ಕೈಚೀಲ ಹೆಗಲಿಗೇರಿಸಿ, ಎಂದಿನ ಗತ್ತಿನಲ್ಲಿ ಮಾರುಕಟ್ಟೆಗೆ ಹೊರಟೆ. ನಾನು ಹೋದಲ್ಲೆಲ್ಲ ಅಂಗಡಿಯವರು ಎದ್ದು ನಿಂತು ನಗುತ್ತಿದ್ದರು. ಗೌರವ ಹೆಚ್ಚಿದೆ ಎಂದುಕೊಂಡೆ! ಏಳನೆಯ ಅಂಗಡಿಯಲ್ಲಿ ಹಣ್ಣಿನವನು ತಡೆಯಲಾರದೆ ಕೇಳಿಬಿಟ್ಟ.

"ಸಾರ್, ನಿಮ್ಮ ಮರುಪರೀಕ್ಷೆ ಯಾವತ್ತು?"

ಕೈಚೀಲ ತಿರುಗಿಸಿ ನೋಡಿದೆ. ಕೆಂಪು ಚೀಟಿ! ‘ಈ ಸಾಧನ ನಂಬಿಕೆಗೆ ಯೋಗ್ಯವಲ್ಲ. ದುರಸ್ತಿ ಮಾಡಿಸಿ ಮರುಪರೀಕ್ಷೆಗೆ ಹಾಜರುಪಡಿಸತಕ್ಕದ್ದು.’ ಕೆಳಗೆ ಇನ್ಸ್‌ಪೆಕ್ಟರ್ ಸಹಿ ಮಾಡುವ ಜಾಗದಲ್ಲಿ ಗುಂಡಗೆ, ಸ್ಪಷ್ಟವಾಗಿ, ನನ್ನ ಹೆಂಡತಿಯ ಸಹಿ.