ಸೋಮಶೇಖರಪ್ಪನವರು ಟೈರ್ ತೊಳೆದದ್ದು

"ನಾನು ತೊಳೆದೆ ಅಂದ್ರೆ ಈ ಕಾರು ವಾಪಸ್ ಶೋರೂಮಿಗೇ ಹೋಗ್ತೀನಿ ಅಂತ ಹಟ ಹಿಡೀಬೇಕು, ನೋಡ್ತಿರು!"

ಸೋಮಶೇಖರಪ್ಪನವರು ಪಂಚೆ ಎತ್ತಿಕಟ್ಟಿ, ಬನಿಯನ್ನಿನಲ್ಲಿ ಅಂಗಳದ ನಡುವೆ ನಿಂತು ಈ ಘೋಷಣೆ ಮಾಡಿದಾಗ ಚಳ್ಳಕೆರೆಯ ಬಿಸಿಲು ಇನ್ನೂ ಅವರ ಕಾಂಪೌಂಡ್ ದಾಟಿ ಬಂದಿರಲಿಲ್ಲ. ಕೇಳಿಸಿಕೊಂಡವರು ಅವರ ಹೆಂಡತಿ ದ್ರಾಕ್ಷಾಯಣಮ್ಮ ಒಬ್ಬರೇ. ಜಗುಲಿಯ ಮೇಲೆ ಕೂತು ಮೊರದಲ್ಲಿ ಶೇಂಗಾ ಆರಿಸುತ್ತಿದ್ದ ಅವರು ತಲೆ ಕೂಡ ಎತ್ತಲಿಲ್ಲ.

"ಈ ಮನೇಲಿ ಬಕೆಟ್ ಎಲ್ಲೈತೆ ಅಂತಾದ್ರೂ ಗೊತ್ತೇನ್ರೀ ನಿಮಗೆ?"

ನ್ಯಾಯವಾದ ಪ್ರಶ್ನೆ. ಎಣ್ಣೆ ಮಿಲ್ಲಿನ ಸಾವ್ಕಾರರಾದ ಸೋಮಶೇಖರಪ್ಪನವರು ಮದುವೆಯಾದಾಗಿನಿಂದ ತಮ್ಮ ಕೈಯಾರೆ ತೊಳೆದದ್ದೆಂದರೆ ಆ ಕೈಗಳನ್ನೇ. ಅದೂ ಊಟಕ್ಕೆ ಎಲೆ ಹಾಕಿದ ಮೇಲೆ! ಅಂಥ ಮಹಾನುಭಾವರು ಇಂಥ ಸಾಹಸಕ್ಕೆ ಇಳಿದದ್ದೇಕೆಂದರೆ, ಕಾರು ಅವರದಲ್ಲ. ಭಾಮೈದನದು.

ಭಾಮೈದ ವಿಶ್ವನಾಥ್ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟವನು. ಕಾರು ತೀರಿಹೋದ ಅವರಪ್ಪನದು. ಅಕ್ಕ ದ್ರಾಕ್ಷಾಯಣಮ್ಮ ಮದುಮಗಳಾಗಿ ಈ ಮನೆಗೆ ಬಂದಿಳಿದದ್ದು ಅದರಲ್ಲೇ. ಅಪ್ಪ ಹೋದ ಮೇಲೆ ವಿಶ್ವನಾಥ್ ಅದನ್ನು ಮಗುವಿನಂತೆ ನೋಡಿಕೊಂಡ. ಅಲ್ಯೂಮಿನಿಯಂ ಗಾಲಿಗಳ ಮೇಲಿದ್ದ ಹಳೆಯ ಬಣ್ಣವನ್ನೆಲ್ಲ ತಾನೇ ಕೆರೆದು ತೆಗೆದು, ಬಿಡುವಾದಾಗಲೆಲ್ಲ ಕೂತು ತಿಕ್ಕಿ, ಮುಖ ನೋಡಿಕೊಳ್ಳುವ ಹಾಗೆ ಮಾಡಿದ್ದ. ಈಗ ಹೆಂಡತಿ ಮಕ್ಕಳೊಂದಿಗೆ ಕಾಶಿಗೆ ಹೊರಟವನು ಕಾರನ್ನು ಅಕ್ಕನ ಮನೆಯಲ್ಲಿ ಬಿಟ್ಟು, ಚಳ್ಳಕೆರೆಯಲ್ಲೇ ರೈಲು ಹತ್ತಿದ್ದ.

ಹತ್ತುವ ಮೊದಲು ಬೆರಳು ಚಾಚಿ ತೋರಿಸಿದ್ದ. "ಇಲ್ನೋಡಕ್ಕ, ಗಾಲಿ ತಿಕ್ಕಿ ತಿಕ್ಕಿ ಉಗುರು ಸಂದೆಲ್ಲ ಕಪ್ಪು. ಯಾವ ಸೋಪಿಗೂ ಬಗ್ಗಲ್ಲ ಇದು. ಭಾವ, ಕಾರು ಧಾರಾಳವಾಗಿ ಓಡಿಸ್ರಿ. ಗಾಲಿಗೆ ಮಾತ್ರ ಏನೂ ಹಚ್ಬೇಡ್ರಿ. ಮೇಲೆ ಬಣ್ಣ ಇಲ್ಲ, ಗಿಣ್ಣ ಇಲ್ಲ, ಬರಿಮೈ ಲೋಹ."

"ಹೋಗ್ಬಾ ವಿಶ್ವ. ಹೆಂಗೆ ಬಿಟ್ಟು ಹೋಗ್ತೀಯೋ ಹಂಗೇ ನಿನ್ನ ಕೈಗೆ ಕೊಡ್ತೀನಿ. ಇದು ನನ್ನ ಮಾತು" ಅಂದಿದ್ದರು ದ್ರಾಕ್ಷಾಯಣಮ್ಮ. ತವರಿಗೆ ಕೊಟ್ಟ ಮಾತು ಅದು!

ಮಾತು ಕೊಟ್ಟವರು ಹೆಂಡತಿ, ಓಡಿಸಿದವರು ಗಂಡ. ಬಿ.ಜಿ. ಕೆರೆ ಕಡೆ ಶೇಂಗಾ ಬೆಳೆ ನೋಡಿಬರುತ್ತೇನೆಂದು ಹೋದ ಸೋಮಶೇಖರಪ್ಪನವರು ಮಳೆ ಬಿದ್ದ ಹೊಲದ ದಾರಿಗೆ ಕಾರು ಇಳಿಸಿ, ನಾಲ್ಕು ಟೈರಿಗೂ ಗಾರೆ ಮೆತ್ತಿದಂತೆ ಮಣ್ಣು ಮೆತ್ತಿಸಿಕೊಂಡು ಬಂದಿದ್ದರು. ನಾಳೆ ಬೆಳಗ್ಗೆ ವಿಶ್ವನಾಥ್ ಬರುವವನಿದ್ದ.

"ಬರೀ ನೀರು ಬಿಟ್ಟು ಬಟ್ಟೇಲಿ ಒರೆಸ್ರಿ, ಸಾಕು" ಅಂದರು ದ್ರಾಕ್ಷಾಯಣಮ್ಮ.

"ಬರೀ ನೀರಾ? ಲೇ, ಮಿಲ್ಲಿನ ನೆಲದ ಮೇಲೆ ನಮ್ಮಜ್ಜನ ಕಾಲದಿಂದ ಕುಂತಿದ್ದ ಎಣ್ಣೆ ಜಿಡ್ಡನ್ನೇ ಎಬ್ಬಿಸಿ ಓಡಿಸಿದೋನು ನಾನು. ಟೈರ್ ಯಾವ ಲೆಕ್ಕ!"

"ಅದು ನೆಲ. ಇದು ನಮ್ಮಪ್ಪನ ಕಾರು."

"ನೀನು ಒಳಗೋಗಿ ರೊಟ್ಟಿ ತಟ್ಟು. ಆಚೆ ಬರೋವಾಗ ಕಣ್ಣು ಕೋರೈಸುತ್ತೆ, ಹುಷಾರು!"

ದ್ರಾಕ್ಷಾಯಣಮ್ಮ ಒಳಗೆ ಹೋದರು. ಸೋಮಶೇಖರಪ್ಪನವರು ಬಕೆಟ್ಟಿನ ಗೊಡವೆಗೇ ಹೋಗಲಿಲ್ಲ. ಮಿಲ್ಲಿನಿಂದ ತರಿಸಿದ್ದ ಖಾಲಿ ಎಣ್ಣೆ ಡಬ್ಬದಲ್ಲಿ ಬಿಸಿನೀರು ಹುಯ್ದು, ನೆಲ ತೊಳೆಯುವ ಕಾಸ್ಟಿಕ್ ಸೋಡಾವನ್ನು ಸುರಿದರು. ಉದ್ದ ಕೋಲಿನ ಬ್ರಷ್ಷನ್ನು ಅದರಲ್ಲಿ ಅದ್ದಿ, ಯುದ್ಧಕ್ಕೆ ಹೊರಟ ಪಾಳೇಗಾರನ ಗತ್ತಿನಲ್ಲಿ ಮುಂದಿನ ಎಡಗಡೆಯ ಟೈರಿಗೆ ಬೀಸಿದರು. ಅರ್ಧ ಟೈರಿಗೆ ಬಿತ್ತು. ಉಳಿದರ್ಧ ಗಾಲಿಯ ಮೇಲೆ ಚೆಲ್ಲಾಡಿತು.

ಸುರ್ ಅಂತ ಸದ್ದು. ಬುಸಬುಸ ನೊರೆ.

"ಆಹಾ! ಕೊಳೆ ಹೆಂಗೆ ಅಳ್ತಾ ಐತೆ!" ಎಂದು ಸಾವ್ಕಾರರು ಆನಂದಪಟ್ಟರು. ಇನ್ನಷ್ಟು ಅಳಲಿ ಎಂದು ಇನ್ನೊಂದು ಸಲ ಬೀಸಿದರು. ಸೊಂಟದ ಮೇಲೆ ಕೈಯಿಟ್ಟು ಸಾವಕಾಶವಾಗಿ ಕಾದು, ಆಮೇಲೆ ಪೈಪು ಹಿಡಿದು ನೀರು ಬಿಟ್ಟರು. ನೊರೆ ಇಳಿಯಿತು. ಅದರ ಹಿಂದೆಯೇ ಅವರ ಜೀವವೂ ಇಳಿಯಿತು.

ಕನ್ನಡಿಯಂತಿದ್ದ ಗಾಲಿ ರೊಟ್ಟಿ ಹಂಚಿನ ತಳದಂತೆ ಕಪ್ಪಾಗಿತ್ತು!

ಮೊದಲು ಅವರಿಗೆ ಹೊಳೆದ ಉಪಾಯ, ಆ ಗಾಲಿ ಗೋಡೆಯ ಕಡೆ ಬರುವಂತೆ ಕಾರು ತಿರುಗಿಸಿ ನಿಲ್ಲಿಸುವುದು. ಆದರೆ ಭಾಮೈದ ಗೋಡೆಯನ್ನೂ ಜೊತೆಗೆ ಒಯ್ಯುವುದಿಲ್ಲವಲ್ಲ! ಎರಡನೆಯ ಉಪಾಯಕ್ಕೆ ಹಿತ್ತಲಿನಿಂದ ಪಾತ್ರೆ ತಿಕ್ಕುವ ಸ್ಟೀಲ್ ನಾರು ಬಂತು. ಎಡೆಬಿಡದೆ ತಿಕ್ಕಿದರು. ಈಗ ಗಾಲಿ ಕಪ್ಪಗೂ ಇತ್ತು, ಮೈತುಂಬ ಗೀರೂ ಇತ್ತು. ಮೂರನೆಯ ಉಪಾಯ ಹೊಳೆಯುವುದರೊಳಗೆ ಬಾಗಿಲಲ್ಲಿ ಬಳೆ ಸದ್ದಾಯಿತು.

ದ್ರಾಕ್ಷಾಯಣಮ್ಮ ಬೈಯಲಿಲ್ಲ. ಬೈದಿದ್ದರೆ ಸೋಮಶೇಖರಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಪ್ಪಾದ ಜಾಗವನ್ನು ಒಂದು ಬೆರಳಿನಿಂದ ಸವರಿದರು. ಕಣ್ಣು ತುಂಬಿಬಂತು.

"ನಮ್ಮಪ್ಪ ಈ ಕಾರಲ್ಲೇ ನನ್ನ ಈ ಬಾಗಿಲಿಗೆ ತಂದು ಬಿಟ್ಟಿದ್ದು. ಹೋಗೋವಾಗ ಗಾಡಿ ನಿಲ್ಲಿಸಿ ತಿರುಗಿ ನೋಡಿದ್ರು. ವಿಶ್ವನ ಮುಂದೆ ನಾಳೆ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಲಿ ನಾನು?"

ಸೋಮಶೇಖರಪ್ಪನವರು ಕೈಲಿದ್ದ ಸ್ಟೀಲ್ ನಾರು ಕೆಳಗಿಟ್ಟರು. ಮಿಲ್ಲಿನಲ್ಲಿ ಹತ್ತು ಜನರ ಮೇಲೆ ಕೂಗಾಡುವ ಬಾಯಿ ಅದು. "ತಪ್ಪಾಯ್ತೇ" ಅಂದರು ಮೆಲ್ಲಗೆ. ಮದುವೆಯಾದ ಮೇಲೆ ಆ ಮನೆಯಲ್ಲಿ ಆ ಪದ ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ದ್ರಾಕ್ಷಾಯಣಮ್ಮನವರಿಗೆ ಅಳು ಅಲ್ಲಿಗೇ ನಿಂತುಹೋಯಿತು.

"ಏನ್ ಹಾಕಿದ್ರಿ?"

"ಸೋಡಾ."

"ಅಯ್ಯೋ ನಿಮ್ಮ! ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿದ್ರೆ ಕಪ್ಪಾಗುತ್ತೆ ಅಂತ ಅಡುಗೆಮನೇಲಿ ಕಾಲಿಟ್ಟೋರಿಗೆಲ್ಲ ಗೊತ್ತೈತಲ್ರೀ!"

"ನಾನು ಇಟ್ಟಿಲ್ವಲ್ಲೇ."

"ಈಗ ಇಡ್ರಿ. ಹೋಗಿ ಹುಣಸೆಹಣ್ಣು ತಗಂಬರ್ರಿ."

"ಎಲ್ಲೈತೆ?"

"ಅಡುಗೆಮನೇಲಿ."

"ಅಡುಗೆಮನೇಲಿ ಎಲ್ಲೈತೆ?"

ದ್ರಾಕ್ಷಾಯಣಮ್ಮ ತಾವೇ ಎದ್ದು ಹೋಗಿ ತಂದರು.

ಹುಣಸೆಹಣ್ಣು ಕಪ್ಪನ್ನು ತೆಗೆಯಿತು. ಆದರೆ ಹೊಳಪು ಬರಲಿಲ್ಲ. ಗಾಲಿ ಹಳೇ ಇಡ್ಲಿ ಪಾತ್ರೆಯಂತೆ ಬಿಳಿಚಿಕೊಂಡಿತು. ದ್ರಾಕ್ಷಾಯಣಮ್ಮ ಸ್ವಲ್ಪ ಹೊತ್ತು ಯೋಚಿಸಿ, ದೇವರ ಕೋಣೆಗೆ ಹೋಗಿ ವಿಭೂತಿ ಗಟ್ಟಿಗಳನ್ನು ತಂದು ಪುಡಿ ಮಾಡತೊಡಗಿದರು. ಬೆಳ್ಳಿ ದೀಪಗಳನ್ನು ಅವರು ಬೆಳಗುತ್ತಿದ್ದದ್ದು ಅದರಲ್ಲೇ.

"ಲೇ, ವಿಭೂತಿಯಾ? ಗಾಲಿಗಾ?"

"ನಮ್ಮಪ್ಪನ ಕಾರಿಗೆ ಶಿವ ಬೇಡ ಅನ್ನಲ್ಲ. ಮೆತ್ತನೆ ಬಟ್ಟೆ ಬೇಕು" ಎಂದು ಅತ್ತಿತ್ತ ನೋಡಿದ ದ್ರಾಕ್ಷಾಯಣಮ್ಮನವರ ದೃಷ್ಟಿ ಗಂಡನ ಎದೆಯ ಮೇಲೆ ಬಂದು ನಿಂತಿತು. "ಬಿಚ್ರಿ ಬನಿಯನ್ನು."

ಹೀಗಾಗಿ ಮೊಸರು ಮಾರುವ ಕ್ಯಾತಮ್ಮ ಗೇಟು ತೆಗೆದು ಒಳಗೆ ಬಂದಾಗ ಕಂಡದ್ದು ಇದು: ಸಾವ್ಕಾರರು ಬರಿಮೈಯಲ್ಲಿ, ಹಣೆ ತೋಳಿಗೆಲ್ಲ ವಿಭೂತಿ ಬಳಿದುಕೊಂಡು, ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕಾರಿನ ಗಾಲಿಯ ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ಮಡದಿ. ಇಬ್ಬರ ಮುಖವೂ ಬಹಳ ಗಂಭೀರ.

ಕ್ಯಾತಮ್ಮ ಚಪ್ಪಲಿ ಗೇಟಿನಾಚೆ ಬಿಟ್ಟು ಬಂದು ಕೈಮುಗಿದಳು. "ಏನ್ ಪೂಜೆ ಅಮ್ಮಾರೇ ಇದು?"

"ಹರಕೆ ಕಣೇ ಕ್ಯಾತಮ್ಮ."

"ಏನಂತ ಹರಕೆ?"

"ಒಳ್ಳೆ ಬುದ್ಧಿ ಬರಲಿ ಅಂತ."

"ಯಾರಿಗೆ?"

ದ್ರಾಕ್ಷಾಯಣಮ್ಮ ಗಂಡನ ಕಡೆ ನೋಡಿದರು. ಕ್ಯಾತಮ್ಮನೂ ನೋಡಿದಳು. ನೋಡಿ, ಬಹಳ ಕನಿಕರದಿಂದ "ಆಯ್ತದೆ ಬಿಡ್ರವ್ವ, ಭಕ್ತಿ ಇದ್ರೆ ಆಯ್ತದೆ" ಎಂದು ಸಮಾಧಾನ ಹೇಳಿ, ಕಾಂಪೌಂಡಿನ ಕಣಗಿಲೆ ಗಿಡದಿಂದ ಹೂವು ಕಿತ್ತು ಒಂದೊಂದು ಟೈರಿನ ನೆತ್ತಿಗೂ ಒಂದೊಂದು ಇಟ್ಟು ಹೋದಳು. ಸಾವ್ಕಾರರು ತಲೆ ತಗ್ಗಿಸಿ ತಿಕ್ಕುತ್ತಲೇ ಇದ್ದರು.

ಮಧ್ಯಾಹ್ನದ ಹೊತ್ತಿಗೆ ಗೀರು ಮಾಯವಾಯಿತು. ಗಾಲಿ ಹೊಳೆಯಿತು. ಎಷ್ಟು ಹೊಳೆಯಿತೆಂದರೆ, ಅದರ ಮುಂದೆ ಉಳಿದ ಮೂರು ಗಾಲಿಗಳು ಮಂಕಾಗಿ ಕಂಡವು!

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಇನ್ನೇನು ಮಾಡುವುದು? ಹುಣಸೆಹಣ್ಣು, ವಿಭೂತಿ ಹಿಡಿದು ಉಳಿದ ಮೂರಕ್ಕೂ ಕೂತರು. ರೊಟ್ಟಿ ಹಾಗೇ ಆರಿತು. ಸೋಮಶೇಖರಪ್ಪನವರ ಸೊಂಟ ಹಿಡಿಯಿತು, ಬೆರಳು ಮರಗಟ್ಟಿತು. ಆದರೂ ಏಳಲಿಲ್ಲ. ಹೆಂಡತಿ ಏಳ್ರಿ ಅಂದರೂ ಏಳಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಲ್ಕೂ ಗಾಲಿಗಳು ಬೆಳ್ಳಿ ತಟ್ಟೆಗಳಂತೆ ಝಗಮಗ ಎಂದಾಗ, "ಪರವಾಗಿಲ್ಲ, ನಿಮ್ಮ ಕೈಗೂ ಕೆಲಸ ಬರುತ್ತೆ" ಅಂದರು ದ್ರಾಕ್ಷಾಯಣಮ್ಮ. ಸೋಮಶೇಖರಪ್ಪನವರಿಗೆ ಯಾರೋ ಶಾಲು ಹೊದಿಸಿದಷ್ಟು ಸಂತೋಷವಾಯಿತು.

ಮಾರನೆಯ ದಿನ ಬೆಳಗ್ಗೆ ವಿಶ್ವನಾಥ್ ಬಂದ. ಹೆಂಡತಿ ಮಕ್ಕಳನ್ನು ಸ್ಟೇಷನ್ನಿನಿಂದ ನೇರ ಮೊಳಕಾಲ್ಮೂರಿನ ಬಸ್ಸು ಹತ್ತಿಸಿ, ಗಂಗಾಜಲದ ತಂಬಿಗೆ ಹಿಡಿದು ಒಬ್ಬನೇ ಬಂದಿದ್ದ. ಅಕ್ಕನ ಕೈಗೆ ತಂಬಿಗೆ ಕೊಟ್ಟವನೇ ನೆಟ್ಟಗೆ ಕಾರಿನ ಬಳಿ ಹೋದ. ಸುತ್ತ ಒಂದು ಸುತ್ತು ಬಂದ. ಮುಂದಿನ ಎಡಗಾಲಿಯ ಬಳಿ ಕುಕ್ಕರಿಸಿದ. ಅಲ್ಲೇ ಕೂತ, ಏಳಲೊಲ್ಲ! ಜಗುಲಿಯ ಮೇಲಿದ್ದ ಸೋಮಶೇಖರಪ್ಪನವರು ಎರಡೂ ಕೈಗಳನ್ನು ಪಂಚೆಯ ಮಡಿಕೆಯೊಳಗೆ ತೂರಿಸಿಕೊಂಡರು.

ದ್ರಾಕ್ಷಾಯಣಮ್ಮ ಕಾಫಿ ತಂದರು. "ಹೆಂಗ್ ಬಿಟ್ಟೋಗಿದ್ಯೋ ಹಂಗೇ ಐತೆ ನೋಡ್ಕಳಪ್ಪ" ಅಂದರು.

ಲೋಟಕ್ಕೆ ಕೈ ಚಾಚಿದ ವಿಶ್ವನಾಥ್ ಅಕ್ಕನ ಬೆರಳು ನೋಡಿದ. ಉಗುರು ಸಂದೆಲ್ಲ ಕಪ್ಪು. ತಿರುಗಿ ಭಾವನನ್ನು ನೋಡಿದ. ಪಂಚೆಯೊಳಗೆ ಹುದುಗಿದ್ದ ಕೈಗಳನ್ನೂ ನೋಡಿದ. ತನ್ನ ಬೆರಳನ್ನೂ ಒಮ್ಮೆ ನೋಡಿಕೊಂಡ. ಅವನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನಿಧಾನವಾಗಿ ಕಾಫಿ ಕುಡಿದು ಮುಗಿಸಿದ.

"ನಾನು ಬಿಟ್ಟು ಹೋದಾಗ ಇಷ್ಟು ಹೊಳೀತಿರ್ಲಿಲ್ಲಕ್ಕ" ಅಂದ. "ಅಪ್ಪ ಇದ್ದಿದ್ರೆ ಖುಷಿ ಪಡ್ತಿದ್ರು."

ದ್ರಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೋಮಶೇಖರಪ್ಪನವರ ಕೈಗಳು ಮೆಲ್ಲಗೆ ಪಂಚೆಯಿಂದ ಆಚೆ ಬಂದವು. ಎದೆಯೂ ಒಂಚೂರು ಮುಂದೆ ಬಂತು. "ನೋಡಿದ್ಯಾ ಮತ್ತೆ! ನಾನು ಹಿಡಿದ ಕೆಲಸ ಅಂದ್ರೆ..."

"ಅದೆಲ್ಲ ಸರಿ ಭಾವ. ಟೈರ್ ಒಂಚೂರು ತೊಳೀಬೋದಿತ್ತಲ್ವಾ?"

ಮೂವರೂ ಟೈರಿನ ಕಡೆ ನೋಡಿದರು. ಬಿ.ಜಿ. ಕೆರೆಯ ಮಣ್ಣು ಮೂರರ ಮೇಲೂ ಹಾಗೇ ಇತ್ತು. ನಾಲ್ಕರ ಮೇಲೂ ಹುಣಸೆಹಣ್ಣಿನ ರಸ ಇಳಿದು ಒಣಗಿತ್ತು, ವಿಭೂತಿ ಪಟ್ಟೆ ಪಟ್ಟೆಯಾಗಿ ಹತ್ತಿತ್ತು. ನೆತ್ತಿಯ ಮೇಲೆ ಬಾಡಿದ ಕಣಗಿಲೆ ಹೂವು ಬೇರೆ! ದ್ರಾಕ್ಷಾಯಣಮ್ಮನವರಿಗೆ ಎಲ್ಲಿತ್ತೋ ನಗು, ಜಗುಲಿಯ ಕಂಬ ಹಿಡಿದುಕೊಂಡು ನಕ್ಕರು.

ವಿಶ್ವನಾಥ್ ಕಾರಿನ ಡಿಕ್ಕಿ ತೆರೆದ. ಒಳಗೆ ಒಂದು ಸೋಪಿನ ಬಾಟಲಿ, ಒಂದು ಪುಟ್ಟ ಮೆತ್ತನೆ ಬ್ರಷ್ಷು.

"ಹೋಗೋವಾಗ ಹೇಳೋದು ಮರ್ತಿದ್ದೆ. ಇದಿಷ್ಟೇ ಭಾವ. ಮೊದ್ಲು ಗಾಲಿಗೆ ಚೆನ್ನಾಗಿ ನೀರು, ಆಮೇಲೆ ಸೋಪು ಬ್ರಷ್ಷು ಟೈರಿಗೆ ಮಾತ್ರ. ಒಣಗೋಕೆ ಬಿಡ್ದಂಗೆ ತೊಳ್ದು ಒರೆಸಿದ್ರೆ ಆಯ್ತು. ಕಾಫಿ ಕುಡಿಯೋಷ್ಟು ಹೊತ್ತಿನ ಕೆಲಸ."

"ಕೊಡು ಇಲ್ಲಿ, ನಾನೇ..." ಎಂದು ಸೋಮಶೇಖರಪ್ಪನವರು ಕೈ ಚಾಚಿದರು. ಬ್ರಷ್ಷು ಅದಾಗಲೇ ದ್ರಾಕ್ಷಾಯಣಮ್ಮನವರ ಕೈಯಲ್ಲಿತ್ತು.

"ನೀವು ಗಾಡಿ ಮುಟ್ಬೇಡ್ರಿ. ಒಳಗೋಗಿ ಒಂದು ಬಕೆಟ್ ತನ್ನಿ, ಅಷ್ಟು ಸಾಕು."

ಸೋಮಶೇಖರಪ್ಪನವರು ಬಹಳ ಘನತೆಯಿಂದ ಒಳಗೆ ಹೋದರು. ಹಜಾರ ನೋಡಿದರು, ಅಡುಗೆಮನೆ ನೋಡಿದರು, ಹಿತ್ತಲಿಗೂ ಒಂದು ಸಲ ಹೋಗಿ ಬಂದರು. ಹೊರಗೆ ಅಕ್ಕ ತಮ್ಮ ಕಾಯುತ್ತಿದ್ದರು. ಕೊನೆಗೆ ಬಾಗಿಲ ಸಂದಿಯಿಂದ ತಲೆ ಹೊರಹಾಕಿ, ಆದಷ್ಟು ಮೆಲ್ಲಗೆ ಕೇಳಿದರು:

"ಲೇ... ಬಕೆಟ್ ಎಲ್ಲೈತೆ?"